ಮಣ್ಣು ಹಾಕಿದವರಿಗೆ ನಮ್ಮ ವೋಟು ಬೇಕಿರಲಿಲ್ಲ

ಮಾನ್ಯ ಸಂಪಾದಕರೇ,

ಎರಡು ವಾರದಿಂದ ನಿಮ್ಮ ಓದುಗರ ಪುಟದಲ್ಲಿ ಲಾಕ್‌ಡೌನ್ ಬಗ್ಗೆ ಜಗಳ ನಡೆಯುತ್ತಿದೆ. ಒಬ್ಬರು ಬರೆದರು, ಆಗ ಹಾಕಿದ ನಿರ್ಬಂಧ ಎಲ್ಲ ಸರ್ಕಾರದ ದಬ್ಬಾಳಿಕೆ, ಇನ್ನೊಮ್ಮೆ ಅಂಥದ್ದು ಬಂದರೆ ನಾನಂತೂ ಮನೆಯೊಳಗೆ ಕೂರುವುದಿಲ್ಲ ಅಂತ. ಎರಡೇ ದಿನದಲ್ಲಿ ಇನ್ನೊಬ್ಬರ ಉತ್ತರ ಬಂತು. ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಕೂಗುವವರಿಗೆ ಪಕ್ಕದ ಮನೆಯ ಅಜ್ಜಿಯ ಜೀವದ ಬೆಲೆ ಗೊತ್ತಿಲ್ಲವಂತೆ. ನಾನು ಇಬ್ಬರ ಪತ್ರವನ್ನೂ ಚಹಾ ಕುಡಿಯುತ್ತಾ ಓದಿದೆ. ಇಬ್ಬರೂ ಬೆಂಗಳೂರಿನವರು. ಇಬ್ಬರಿಗೂ ಒಂದು ಅನುಕೂಲ ಇತ್ತು, ಅದು ಅವರ ಗಮನಕ್ಕೆ ಬಂದ ಹಾಗೆ ಕಾಣುವುದಿಲ್ಲ. ಅವರನ್ನು ಮನೆಯೊಳಗೆ ಕೂರಿಸಿದ ಸರ್ಕಾರಕ್ಕೆ ಮುಂದಿನ ಚುನಾವಣೆಯಲ್ಲಿ ಅವರ ವೋಟು ಬೇಕಿತ್ತು.

ನಮ್ಮ ವೋಟು ಯಾರಿಗೂ ಬೇಕಿರಲಿಲ್ಲ. ಅದನ್ನೇ ಹೇಳಬೇಕು ಅಂತ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಾದರೆ ಮಣ್ಣಿನ ವಿಷಯ ಮಾತ್ರ ಉಳಿಸಿಕೊಳ್ಳಿ.

ನಾನು ಕೇರಳದ ಮಂಜೇಶ್ವರ ತಾಲ್ಲೂಕಿನವನು. ನಮ್ಮ ಮನೆಯಿಂದ ಕರ್ನಾಟಕದ ಗಡಿಗೆ ನಡೆದೇ ಹೋಗಬಹುದು. ಮಂಗಳೂರು ಹತ್ತಿರದ ದೇರಳಕಟ್ಟೆಯ ಆಸ್ಪತ್ರೆಗಳಿಗೆ ಬಸ್ಸಿನಲ್ಲಿ ಅರ್ಧ ಗಂಟೆ. ನಮ್ಮದೇ ಜಿಲ್ಲಾ ಕೇಂದ್ರ ಕಾಸರಗೋಡಿಗೆ 30 ಚಿಲ್ಲರೆ ಕಿ.ಮೀ. ರಾಜಧಾನಿ ತಿರುವನಂತಪುರಕ್ಕೆ ಹೋಗಬೇಕಾದರೆ ರಾತ್ರಿ ಪೂರ್ತಿ ರೈಲಿನಲ್ಲಿ ಮಲಗಬೇಕು. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು, ಆ ಹಳೆಯ ಕತೆ ಈಗ ಬೇಡ. ಆದರೆ ಗೆರೆ ಎಳೆದ ಮೇಲೂ ನಮ್ಮ ಡಾಕ್ಟರು, ಮಕ್ಕಳ ಕಾಲೇಜು, ಕಟ್ಟಿದ ಬೀಡಿ ಕೊಡುವ ಬ್ರಾಂಚು, ಮದುವೆಯ ಸೀರೆ, ಹೆಣ್ಣು ಕೊಟ್ಟದ್ದು ತಂದದ್ದು ಎಲ್ಲ ಮಂಗಳೂರು ಕಡೆಗೇ ಉಳಿಯಿತು. ಗೆರೆ ನಕ್ಷೆಯಲ್ಲಿತ್ತು. ಬಸ್ಸಿಗೆ ಅದು ಕಾಣುತ್ತಿರಲಿಲ್ಲ.

2020ರ ಮಾರ್ಚ್ ಕೊನೆಗೆ ಅದು ಕಾಣಿಸಿತು. ಟಿಪ್ಪರ್‌ನಲ್ಲಿ ಬಂತು.

ಗಡಿಯ ತಲಪಾಡಿಯ ಹೆದ್ದಾರಿಯಲ್ಲಿ ಕರ್ನಾಟಕದ ಪೊಲೀಸರು ಬ್ಯಾರಿಕೇಡ್ ಹಾಕಿದ್ದು ಎಲ್ಲರಿಗೂ ಗೊತ್ತು, ಟಿವಿಯಲ್ಲಿ ಬಂದಿತ್ತು. ಟಿವಿಯಲ್ಲಿ ಜಾಸ್ತಿ ಬಾರದೇ ಇದ್ದದ್ದು ಒಳರಸ್ತೆಗಳು. ಅಡಿಕೆ ತೋಟದ ಪಕ್ಕದ, ಒಂದು ಜೀಪು ಹೋಗುವಷ್ಟು ಅಗಲದ ರಸ್ತೆಗಳಿಗೆ ಕರ್ನಾಟಕದ ಕಡೆಯಿಂದ ಕೆಂಪು ಮಣ್ಣು ತಂದು ಸುರಿದರು. ನಮ್ಮ ಹತ್ತಿರದ ರಾಶಿ ಎದೆಮಟ್ಟ ಇತ್ತು. ಅಲ್ಲಿ ಒಬ್ಬ ಪೊಲೀಸನೂ ಇರಲಿಲ್ಲ. ಕೇಳಲಿಕ್ಕೆ, ಬೇಡಿಕೊಳ್ಳಲಿಕ್ಕೆ, ಬೈಯಲಿಕ್ಕೆ ಕೂಡ ಯಾರೂ ಇಲ್ಲ. ಬರೀ ಮಣ್ಣು.

ಮೊದಲ ಎರಡು ದಿನ ಜನ ಬಂದು ನೋಡಿ ಹೋದರು, ಯಾರದೋ ಮನೆಯ ಕೋಡಿ ಒಡೆದದ್ದನ್ನು ನೋಡುವ ಹಾಗೆ. ಮೂರನೇ ದಿನ ಅದೇ ಅಂಚೆ ಕಚೇರಿ ಆಯಿತು. ಆ ಕಡೆಯವರು ಮಂಗಳೂರಿನಿಂದ ತಂದ ಮಾತ್ರೆಯ ಪಟ್ಟಿಯನ್ನು ಅಡಿಕೆ ಹಾಳೆಯಲ್ಲಿಟ್ಟು ರಾಶಿಯ ಮೇಲೆ ತಳ್ಳುತ್ತಿದ್ದರು. ಈ ಕಡೆಯವರು ಹಾಳೆಯನ್ನು ಕೋಲಿನಿಂದ ಎಳೆದುಕೊಂಡು, ದುಡ್ಡಿಟ್ಟು ವಾಪಸ್ ತಳ್ಳುತ್ತಿದ್ದರು. ನೋಟಿಗೆ ಸೋಪಿನ ನೀರು ಚಿಮುಕಿಸಿ ಬೇಲಿಯ ಮೇಲೆ ಒಣಗಲು ಹಾಕಿದ್ದನ್ನು ನಾನೇ ನೋಡಿದ್ದೇನೆ. ಹತ್ತು ರೂಪಾಯಿಯ ನೋಟು, ಮೇಲೊಂದು ಕಲ್ಲು. ನಗು ಬಂತು. ಆದರೆ ನೋಡಿ, ಆ ಜನರಿಗೆ ಕಾಯಿಲೆಯ ಹೆದರಿಕೆ ಇರಲಿಲ್ಲ ಅಂತ ಯಾರು ಹೇಳುತ್ತಾರೆ? ಅಂತರ ಇಟ್ಟಿದ್ದರು, ಸೋಪು ಹಾಕಿದ್ದರು, ಮುಖಕ್ಕೆ ಬೈರಾಸು ಕಟ್ಟಿದ್ದರು. ಬದುಕಲಿಕ್ಕೂ ಬೇಕಿತ್ತು, ಅಷ್ಟೇ.

ಕರ್ನಾಟಕಕ್ಕೆ ಹೆದರಿಕೆ ಇದ್ದದ್ದು ಸುಮ್ನೆ ಅಲ್ಲ, ಅದನ್ನೂ ಹೇಳುತ್ತೇನೆ. ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲೇ ಆಗಿತ್ತು. ಕಾಸರಗೋಡು ಜಿಲ್ಲೆಯಲ್ಲಿ ಮಾರ್ಚ್ ಮುಗಿಯುವಾಗ ಪ್ರಕರಣ ನೂರು ದಾಟಿತ್ತು, ದೇಶದ ಹಾಟ್‌ಸ್ಪಾಟ್ ಪಟ್ಟಿಯಲ್ಲಿ ನಮ್ಮ ಹೆಸರಿತ್ತು. ಗಲ್ಫಿನಿಂದ ಬಂದವರು ಹೆಚ್ಚು. ನಾನು ಮಂಗಳೂರಿನಲ್ಲಿ ಕೂತಿದ್ದರೆ ನನಗೂ ಈ ಕಡೆಯವರನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತೋ ಏನೋ. ಗಡಿಯಲ್ಲಿ ತಪಾಸಣೆ ಮಾಡಿ, ತಿರುಗಾಟಕ್ಕೆ ಬರುವವರನ್ನು ವಾಪಸ್ ಕಳಿಸಿ ಅಂದಿದ್ದರೆ ಇಲ್ಲಿ ಯಾರೂ ತಕರಾರು ಮಾಡುತ್ತಿರಲಿಲ್ಲ. ಆದರೆ ಜ್ವರ ಬಂದವನಿಗೂ ಹೆರಿಗೆ ನೋವು ಬಂದವಳಿಗೂ ಒಂದೇ ಉತ್ತರ ಅಂದರೆ ಹೇಗೆ?

ಹೆರಿಗೆ ಅಂದದ್ದು ಬಾಯಿಮಾತಿಗಲ್ಲ. ಆ ದಿನಗಳಲ್ಲೇ ಬಿಹಾರದಿಂದ ಕೂಲಿಗೆ ಬಂದಿದ್ದ ಒಬ್ಬ ಹೆಣ್ಣುಮಗಳನ್ನು ಮಂಗಳೂರಿಗೆ ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸನ್ನು ತಲಪಾಡಿಯಲ್ಲಿ ಬಿಡಲಿಲ್ಲ. ವಾಪಸ್ ಬರುವಾಗ ಆಂಬ್ಯುಲೆನ್ಸ್‌ನಲ್ಲೇ ಹೆರಿಗೆ ಆಯಿತು. ಎಲ್ಲ ಪತ್ರಿಕೆಗಳಲ್ಲೂ ಬಂದ ಸುದ್ದಿ. ಆಕೆಗೆ ಕನ್ನಡ ಬರುವುದಿಲ್ಲ, ಮಲಯಾಳ ಬರುವುದಿಲ್ಲ, ಎರಡೂ ರಾಜ್ಯದಲ್ಲಿ ವೋಟಿಲ್ಲ. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಹೃದಯದ, ಕಿಡ್ನಿಯ ಕಾಯಿಲೆಯವರು ಒಬ್ಬೊಬ್ಬರಾಗಿ ತೀರಿಕೊಂಡ ಸುದ್ದಿಯೂ ದಿನಾ ಬರುತ್ತಿತ್ತು. ಅವರು ಯಾರೂ ಕೊರೊನಾ ಲೆಕ್ಕದಲ್ಲಿ ಸೇರಿಲ್ಲ.

ವಿಷಯ ಕೋರ್ಟಿಗೆ ಹೋಯಿತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್, ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಜೀವಿಸುವ ಹಕ್ಕಿಗೂ ಓಡಾಡುವ ಹಕ್ಕಿಗೂ ಧಕ್ಕೆ, ದಾರಿ ಬಿಡಿ ಅಂತ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಇಬ್ಬರೂ ಕೂತು ಮಾತಾಡಿ ಅಂತ ಅಲ್ಲಿ ಹೇಳಿದರು. ಏಪ್ರಿಲ್ 7ಕ್ಕೆ ಒಂದು ವ್ಯವಸ್ಥೆ ಆಗಿದೆ ಅಂತ ಕೇಸ್ ಮುಗಿಯಿತು. ಕೊರೊನಾ ಇಲ್ಲದ ತುರ್ತು ರೋಗಿಗಳನ್ನು ಗಡಿಯಲ್ಲಿ ಡಾಕ್ಟರು ನೋಡಿ ಬಿಡುವುದು ಅಂತ. ಅಷ್ಟು ಸಣ್ಣ ಕೆಲಸ. ಒಂದು ಮೇಜು, ಎರಡು ಕುರ್ಚಿ, ಒಬ್ಬ ಡಾಕ್ಟರು. ಮೊದಲ ದಿನವೇ ಇಡಬಹುದಿತ್ತು, ಅಲ್ವಾ? ಅದಕ್ಕೆ ದೇಶದ ದೊಡ್ಡ ಕೋರ್ಟಿನ ತನಕ ಹೋಗಬೇಕಾಯಿತು.

ನಮ್ಮ ಪಕ್ಕದ ಮನೆಯ ಅಣ್ಣನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು, ಗಡಿಯಾಚೆಯ ಒಂದು ಆಸ್ಪತ್ರೆಯಲ್ಲಿ. ಫೋನ್ ಮಾಡಿದರೆ ಅವರು, ನೀವು ಬಂದರೆ ನಾವು ಮಾಡುತ್ತೇವೆ, ಬರುವುದು ನಿಮಗೆ ಬಿಟ್ಟದ್ದು ಅಂದರು. ಅವರ ತಪ್ಪೂ ಅಲ್ಲ. ಪಾಸ್ ಮಾಡಿಸಿ, ಟ್ಯಾಕ್ಸಿ ಹಿಡಿದು, ದಕ್ಷಿಣಕ್ಕೆ, ಕಣ್ಣೂರು ಜಿಲ್ಲೆಯ ಪರಿಯಾರಂ ಕಡೆ ಹೋದರು. ನೂರು ಕಿ.ಮೀ. ಹತ್ತಿರ ಹತ್ತಿರ, ಒಂದು ಕಡೆಗೆ. ಡಯಾಲಿಸಿಸ್ ಆದ ಮೇಲೆ ಮನುಷ್ಯನಿಗೆ ಕೂರಲಿಕ್ಕೆ ಆಗುವುದಿಲ್ಲ, ಹಿಂದಿನ ಸೀಟಿನಲ್ಲಿ ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ಮಲಗಿ ಬರುತ್ತಿದ್ದರು, ದಾರಿಯಲ್ಲಿ ಮೂರು ನಾಲ್ಕು ಕಡೆ ಪೊಲೀಸರು ಗಾಡಿ ನಿಲ್ಲಿಸಿ ಕಿಟಕಿಯಿಂದ ಬಗ್ಗಿ ನೋಡಿ ಚೀಟಿ ಕೇಳುವುದು, ಇವರು ಕಣ್ಣು ಮುಚ್ಚಿಕೊಂಡೇ ಬ್ಯಾಂಡೇಜ್ ಕಟ್ಟಿದ ಕೈ ಎತ್ತಿ ತೋರಿಸುವುದು. ಅವರು ಈಗಿಲ್ಲ. ಆದರೆ ಮಣ್ಣಿನಿಂದ ಸತ್ತರು ಅಂತ ನಾನು ಹೇಳುವುದಿಲ್ಲ, ಎರಡು ವರ್ಷ ಕಳೆದು ಬೇರೆ ಕಾರಣಕ್ಕೆ ಹೋದರು. ಸುಳ್ಳು ಹೇಳಿ ವಾದ ಗೆಲ್ಲುವುದು ನನಗೆ ಬೇಡ.

ಇನ್ನು ನಮ್ಮ ಕೇರಳದ ಕತೆ. ಇಲ್ಲಿ ನಿರ್ಬಂಧ ಕಮ್ಮಿ ಇತ್ತಾ ಅಂತ ಕೇಳಿದರೆ, ಇಲ್ಲ ಮಾರಾಯ್ರೆ, ಕರ್ನಾಟಕಕ್ಕಿಂತ ಬಿಗಿ. ದೇಶದ ಲಾಕ್‌ಡೌನ್ ಶುರುವಾಗುವ ಮೊದಲೇ ಕಾಸರಗೋಡಿನಲ್ಲಿ ಅಂಗಡಿ ಬೆಳಗ್ಗೆ 11ರಿಂದ ಸಂಜೆ 5ರವರೆಗೆ ಮಾತ್ರ ಅಂತ ಆಗಿತ್ತು. ಆಮೇಲೆ ಪೊಲೀಸರು ಮೂರು ಬೀಗದ ಪದ್ಧತಿ ತಂದರು. ಇಡೀ ಜಿಲ್ಲೆಗೆ ಒಂದು ಬೀಗ, ರೋಗ ಜಾಸ್ತಿ ಇರುವ ಪ್ರದೇಶಕ್ಕೆ ಇನ್ನೊಂದು, ರೋಗಿಯ ಮತ್ತು ಅವರ ಸಂಪರ್ಕದವರ ಮನೆಗೆ ಮೂರನೆಯದು. ಮನೆ ಬಾಗಿಲಲ್ಲಿ ಪೊಲೀಸ್, ಆಕಾಶದಲ್ಲಿ ಡ್ರೋನ್. ತೋಟಕ್ಕೆ ನೀರು ಬಿಡಲು ಹೋದವನನ್ನೂ ಓಡಿಸಿದರು. ಸೋಂಕಿತರು ಎಲ್ಲೆಲ್ಲಿ ಹೋಗಿದ್ದರು ಅಂತ ರೂಟ್ ಮ್ಯಾಪ್ ಹಾಕಿ ಊರಿಗೇ ಹಂಚಿದರು. ಹೆಸರಿಲ್ಲದಿದ್ದರೇನು, ಯಾವ ಮದುವೆಗೆ ಹೋಗಿದ್ದ, ಯಾವ ಸೆಲೂನಿಗೆ ಹೋಗಿದ್ದ ಅಂತ ಬರೆದರೆ ಹಳ್ಳಿಯಲ್ಲಿ ಅಷ್ಟು ಸಾಲದಾ? ಮಗುವಿಗೂ ಗೊತ್ತಾಗುತ್ತದೆ. ಒಂದೊಂದು ಮನೆಯವರು ವರ್ಷಗಟ್ಟಲೆ ಆ ಹೆಸರು ಹೊತ್ತುಕೊಂಡರು.

ಆದರೂ ಜನ ಸಹಿಸಿದರು. ಯಾಕೆ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಸಾಮಾನು ಬೇಕಾದರೆ ಪೊಲೀಸರದ್ದೇ ವಾಟ್ಸಾಪ್ ನಂಬರ್ ಇತ್ತು, ಪಟ್ಟಿ ಕಳಿಸಿದರೆ ಮನೆಗೆ ಬರುತ್ತಿತ್ತು. ಪಂಚಾಯತಿನವರ ಅಡುಗೆಮನೆಯಿಂದ ಊಟದ ಪೊಟ್ಟಣ. ರೇಷನ್ ಅಂಗಡಿಯಲ್ಲಿ 17 ಬಗೆಯ ಸಾಮಾನಿನ ಕಿಟ್, ಕಾರ್ಡ್ ಇದ್ದವರಿಗೆಲ್ಲ. ವಾರ್ಡ್ ಮೆಂಬರಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಎತ್ತುತ್ತಿದ್ದರು, ಯಾಕೆಂದರೆ ಆ ವರ್ಷವೇ ಪಂಚಾಯತ್ ಚುನಾವಣೆ. ನಗಬೇಡಿ, ನಾನು ಹೇಳಹೊರಟದ್ದೇ ಅದು. ಕಟ್ಟಿಹಾಕಿದವನು ಉತ್ತರ ಕೊಡಬೇಕಾದವನೂ ಆಗಿದ್ದರೆ ಹಗ್ಗ ಎಲ್ಲಿ ಕೊಯ್ಯುತ್ತಿದೆ ಅಂತ ಅವನಿಗೆ ತಿಳಿಸಬಹುದು. ನಮ್ಮ ಜಿಲ್ಲೆಯ ಮೊದಲ ಅಲೆಯ ನೂರೆಪ್ಪತ್ತಕ್ಕೂ ಹೆಚ್ಚು ರೋಗಿಗಳು ಮೇ ತಿಂಗಳ ಹೊತ್ತಿಗೆ ಗುಣವಾಗಿ ಮನೆಗೆ ಬಂದರು, ಒಬ್ಬರೂ ಸಾಯದೆ. ಆಗ ನಮಗೆಲ್ಲ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಕೇರಳದ ಮೇಲೆ ನನಗೆ ದೂರು ಇಲ್ಲ ಅಂತ ತಿಳಿಯಬೇಡಿ. ಜಿಲ್ಲೆಗೊಂದು ಮೆಡಿಕಲ್ ಕಾಲೇಜು ಅಂತ ಉಕ್ಕಿನಡ್ಕದಲ್ಲಿ ಎಷ್ಟೋ ವರ್ಷ ಹಿಂದೆ ಕಲ್ಲು ಹಾಕಿದ್ದರು. ಅದು ಅರ್ಧ ಕಟ್ಟಡವಾಗಿಯೇ ನಿಂತಿತ್ತು. ಗಡಿ ಮುಚ್ಚಿದ ಮೇಲೆ, 2020ರ ಏಪ್ರಿಲ್‌ನಲ್ಲಿ ತಿರುವನಂತಪುರದಿಂದ ಡಾಕ್ಟರುಗಳನ್ನು ಬಸ್ಸಿನಲ್ಲಿ ಕರೆಸಿ ಅದನ್ನೇ ಕೋವಿಡ್ ಆಸ್ಪತ್ರೆ ಮಾಡಿದರು. ಮಂಗಳೂರು ಇದೆಯಲ್ಲ ಅಂತ 60 ವರ್ಷ ಸುಮ್ಮನೆ ಕೂತವರ ಪಾಲೂ ಆ ಮಣ್ಣಿನ ರಾಶಿಯಲ್ಲಿ ಒಂದೆರಡು ಬುಟ್ಟಿ ಇದೆ. ಇನ್ನೊಂದು, ನಮ್ಮ ವಾರ್ಡಿಗೆ ಬಂದ ಎಚ್ಚರಿಕೆಯ ಕರಪತ್ರ ಮಲಯಾಳದಲ್ಲಿತ್ತು. ನನ್ನ ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಅವರು ಅದನ್ನು ಮಡಚಿ ಬೆಲ್ಲದ ಡಬ್ಬಿಯ ಕೆಳಗೆ ಹಾಸಿದರು. ಏನು ಮಾಡಬೇಕು ಅಂತ ಅವರ ಭಾಷೆಯಲ್ಲಿ ಹೇಳದೆ, ಮಾಡದಿದ್ದರೆ ದಂಡ ಹಾಕುತ್ತೇವೆ ಅನ್ನುವುದು ಯಾವ ನ್ಯಾಯ?

ಈಗ ನನ್ನ ತಪ್ಪಿನ ವಿಷಯ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬಡಾಯಿ ಆಗುತ್ತದೆ.

ನನ್ನ ತಂಗಿಯನ್ನು ಕೊಟ್ಟದ್ದು ಕರ್ನಾಟಕದ ಕೋಟೆಕಾರಿನ ಕಡೆ. ಗಡಿಯಿಂದ ಜಾಸ್ತಿ ದೂರ ಇಲ್ಲ. ಆ ಏಪ್ರಿಲ್‌ನಲ್ಲಿ ಅವಳಿಗೆ ಮಗು ಆಯಿತು. ಅಮ್ಮ ದಿನಾ ಅಳುತ್ತಿದ್ದರು, ಬಾಣಂತಿಗೆ ಯಾರು ಲೇಹ್ಯ ಮಾಡಿ ಕೊಡುತ್ತಾರೆ, ಎಣ್ಣೆ ಯಾರು ಹಚ್ಚುತ್ತಾರೆ ಅಂತ. ಒಂದು ಬೆಳಗಿನ ಜಾವ ನಾನು ಲೇಹ್ಯದ ಭರಣಿಯನ್ನು ಚೀಲದಲ್ಲಿ ಹಾಕಿಕೊಂಡು ತೋಟದ ಒಳಗಿಂದ, ತೋಡು ದಾಟಿ ಆ ಕಡೆ ಹೋದೆ. ಯಾರೂ ನೋಡಲಿಲ್ಲ. ತಂಗಿಯ ಮನೆಯಲ್ಲಿ ಅವಳ ಅತ್ತೆ ಬಾಗಿಲಲ್ಲೇ ತಡೆದರು. ಒಳಗೆ ಬರಬೇಡಿ ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಗುವಿನ ಸೋದರಮಾವ ನಾನು! ಜಗುಲಿಯಲ್ಲಿ ಭರಣಿ ಇಟ್ಟು, ಕಿಟಕಿಯಿಂದಲೇ ಮಗುವಿನ ಕಾಲು ನೋಡಿ ಬಂದೆ. ಮಗುವಿನ ಮುಖ ಕಾಣಲಿಲ್ಲ, ಬಟ್ಟೆ ಸುತ್ತಿದ್ದರು, ಒಂದು ಕಾಲು ಮಾತ್ರ ಹೊರಗಿತ್ತು.

ಮೂರನೇ ದಿನಕ್ಕೆ ನನಗೆ ಜ್ವರ.

ಆ ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಜಗುಲಿಯ ಕಂಬ ಮುಟ್ಟಿದ್ದೆನಾ, ಭರಣಿಯ ಮುಚ್ಚಳ ಮುಟ್ಟಿದ್ದೆನಾ, ಕಿಟಕಿಯ ಸರಳು ಹಿಡಿದಿದ್ದೆನಾ, ಕೆಮ್ಮಿದ್ದೆನಾ ಅಂತ ಒಂದೊಂದನ್ನೇ ನೆನಪು ಮಾಡಿಕೊಂಡು ಲೆಕ್ಕ ಹಾಕುತ್ತಿದ್ದೆ. ಟೆಸ್ಟ್‌ನಲ್ಲಿ ನೆಗೆಟಿವ್ ಬಂತು, ಮಾಮೂಲಿ ಜ್ವರ. ತಂಗಿಯ ಅತ್ತೆಯ ಹತ್ತಿರ ನಾನು ಇವತ್ತಿಗೂ ಆ ವಿಷಯ ಎತ್ತಿಲ್ಲ. ಆದರೆ ನಿಮ್ಮ ಪುಟದಲ್ಲಿ 'ನಾನಂತೂ ಮನೆಯೊಳಗೆ ಕೂರುವುದಿಲ್ಲ' ಅಂತ ಬರೆದವರಿಗೆ ಕೇಳುತ್ತೇನೆ, ಆ ಅತ್ತೆ ಮಾಡಿದ್ದು ದಬ್ಬಾಳಿಕೆಯಾ? ಅವರು ನನ್ನನ್ನು ತಡೆದರು ನಿಜ. ಆದರೆ ಬಾಗಿಲಲ್ಲಿ ನಿಂತು ತಡೆದರು, ಮುಖ ನೋಡಿ ತಡೆದರು, ಕಿಟಕಿ ತೆರೆದು ಮಗುವನ್ನು ತೋರಿಸಿದರು. ಹೋಗುವಾಗ ಜಗುಲಿಯಲ್ಲಿ ಒಂದು ಲೋಟ ಮಜ್ಜಿಗೆಯೂ ಇತ್ತು.

ಬೆಂಗಳೂರಿನ ಕಡೆ ನೋಡಿದರೆ ನನಗೆ ಇನ್ನೊಂದು ಕಾಣುತ್ತದೆ. 2020ರ ಡಿಸೆಂಬರ್‌ನಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರ ತನಕ ಕರ್ಫ್ಯೂ ಅಂತ ಘೋಷಣೆ ಆಯಿತು, ಜನ ಬೈದರು, ಶುರುವಾಗುವ ಮೊದಲೇ ವಾಪಸ್. 2021ರ ಫೆಬ್ರುವರಿಯಲ್ಲಿ ಥಿಯೇಟರಿಗೆ ಅರ್ಧ ಸೀಟು ಅಂದರು, ಚಿತ್ರರಂಗದವರು ಎದ್ದು ನಿಂತರು, ಕೂಡಲೇ ಪೂರ್ತಿ ಸೀಟು. ಮಾಸ್ಕ್ ದಂಡವನ್ನು 1000 ರೂಪಾಯಿ ಮಾಡಿ ಒಂದೇ ವಾರದಲ್ಲಿ ನಗರದಲ್ಲಿ 250ಕ್ಕೆ ಇಳಿಸಿದರು. ನಾನು ಇದನ್ನು ತಪ್ಪು ಅನ್ನುತ್ತಿಲ್ಲ, ಜನರ ಮಾತು ಕೇಳಿ ಬದಲಾಯಿಸಿದರೆ ಒಳ್ಳೆಯದೇ. ಆದರೆ ಯಾರ ಮಾತು ಎಷ್ಟು ಬೇಗ ಕೇಳಿಸುತ್ತದೆ ಅಂತ ನೋಡಿ. 2020ರ ಮೇ ಮೊದಲ ವಾರದಲ್ಲಿ ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿ ಸಭೆ ಮಾಡಿದರು, ಆಮೇಲೆ ವಲಸೆ ಕಾರ್ಮಿಕರ ರೈಲನ್ನೇ ರದ್ದು ಮಾಡಿದರು. ಊರಿಗೆ ಹೋಗುತ್ತೇನೆ ಅನ್ನುವ ಮನುಷ್ಯನನ್ನು ಹೋಗಬೇಡ ಅನ್ನುವುದು. ಯಾವ ಸಾಂಕ್ರಾಮಿಕ ತಡೆಯಲಿಕ್ಕೆ ಅದು? ದೇಶದ ತುಂಬ ಟೀಕೆ ಬಂದ ಮೇಲೆ ಎರಡು ಮೂರು ದಿನದಲ್ಲಿ ನಿರ್ಧಾರ ಬದಲಾಯಿತು.

ಮತ್ತೆ ಮುಂಬೈಯವರು. ನಮ್ಮ ತುಳುನಾಡಿನ ಮನೆಮನೆಯಿಂದ ಹೋಟೆಲ್ ಕೆಲಸಕ್ಕೆ ಮುಂಬೈಗೆ ಹೋದವರಿದ್ದಾರೆ. ದೇವಸ್ಥಾನದ ಬ್ರಹ್ಮಕಲಶಕ್ಕೆ, ಭೂತದ ಕೋಲಕ್ಕೆ, ಶಾಲೆಯ ಕಟ್ಟಡಕ್ಕೆ ಅವರ ದುಡ್ಡು ಬೇಕು. ಆ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ಇಲ್ಲ ಅಂತ ಹೇಳಿತು. ಅಷ್ಟರಲ್ಲಿ ಬಂದವರನ್ನು ಉಡುಪಿ ಕಡೆಯ ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಿದರು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದಾಗ ಊರಿನವರ ಬಾಯಲ್ಲಿ 'ಮುಂಬೈಯಿಂದ ತಂದರು' ಅಂತ ಆಯಿತು. ಹಬ್ಬಕ್ಕೆ ಬಂದಾಗ ನಮ್ಮವರು, ಕಾಯಿಲೆ ಹೊತ್ತು ಬಂದಾಗ ಮುಂಬೈಯವರು. ಮಂಗಳೂರಿನಲ್ಲೂ ಹಾಗೆಯೇ. ಕೊರೊನಾದಿಂದ ತೀರಿಕೊಂಡ ಬಂಟ್ವಾಳದ ಒಬ್ಬ ಮಹಿಳೆಯ ಶವವನ್ನು ಆ ಏಪ್ರಿಲ್‌ನಲ್ಲಿ ಮಂಗಳೂರಿನ ಸ್ಮಶಾನದಲ್ಲಿ ಸುಡಲು ಅಲ್ಲಿಯವರು ಬಿಡಲಿಲ್ಲ. ಕೊನೆಗೆ ನಡುರಾತ್ರಿಯಲ್ಲಿ ಬಂಟ್ವಾಳದ ಕೈಕುಂಜೆಗೆ ಒಯ್ಯಬೇಕಾಯಿತು. ಸುಟ್ಟರೆ ರೋಗ ಹರಡುವುದಿಲ್ಲ ಅಂತ ಡಾಕ್ಟರುಗಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅವತ್ತು ಅಲ್ಲಿ ಸೇರಿದವರ ಬಾಯಲ್ಲೂ ಇದ್ದದ್ದು ಇದೇ ಮಾತು, ಊರಿನ ಸುರಕ್ಷತೆ.

ಹಾಗಾಗಿ ಎರಡನೇ ಪತ್ರ ಬರೆದವರಿಗೂ ನನ್ನದೊಂದು ಪ್ರಶ್ನೆ. ಸಮುದಾಯದ ಸುರಕ್ಷತೆ ಅಂತ ನೀವು ಬರೆದಿದ್ದೀರಿ. ಆ ಸಮುದಾಯದಲ್ಲಿ ಯಾರು ಯಾರಿದ್ದಾರೆ? ಪಕ್ಕದ ಮನೆಯ ಅಜ್ಜಿ ಇದ್ದಾರೆ, ಸರಿ. ಕಟ್ಟಡ ಕಟ್ಟುವ ಒಡಿಶಾದ ಹುಡುಗ? ತಲಪಾಡಿಯಲ್ಲಿ ಹೆತ್ತ ಹೆಂಗಸು? ಬೀಡಿ ಕಟ್ಟಿ ಮೊರ ತುಂಬಿಸಿಟ್ಟುಕೊಂಡು, ಬ್ರಾಂಚಿಗೆ ಕೊಡಲಾಗದೆ ಮೂರು ತಿಂಗಳು ಸಾಲದಲ್ಲಿ ಬದುಕಿದ ನಮ್ಮೂರ ಹೆಂಗಸರು?

2021ರಲ್ಲಿ ಎಲ್ಲ ತಿಳಿಯಾಯಿತು ಅಂದುಕೊಂಡರೆ ಆರ್‌ಟಿ-ಪಿಸಿಆರ್ ಟೆಸ್ಟ್ ಬಂತು. ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡಕ್ಕೆ ಬರಲು ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು, ಈ ನಾಲ್ಕೇ ದಾರಿ ಅಂದರು, ಕೈಯಲ್ಲಿ 72 ಗಂಟೆಯೊಳಗಿನ ನೆಗೆಟಿವ್ ಚೀಟಿ ಬೇಕು ಅಂದರು. ಪ್ರತಿಭಟನೆ ಆಯಿತು, ಸ್ವಲ್ಪ ಸಡಿಲ ಆಯಿತು, ಆಗಸ್ಟ್‌ನಲ್ಲಿ ಎರಡು ಡೋಸ್ ಹಾಕಿಸಿಕೊಂಡವರಿಗೂ ಚೀಟಿ ಬೇಕೇ ಬೇಕು ಅಂತ ಮತ್ತೆ ಬಿಗಿ. ನನ್ನ ಅಣ್ಣನ ಮಗಳು ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಳು. ಗಡಿಯ ಟೆಂಟಿನಲ್ಲಿ ಎಷ್ಟು ಸಲ ಮೂಗು ಕೊಟ್ಟಳು ಅಂತ ಅವಳೇ ಲೆಕ್ಕ ಬಿಟ್ಟಳು. ಆಗ ಕೇರಳದಲ್ಲಿ ಪ್ರಕರಣ ಜಾಸ್ತಿ ಇದ್ದದ್ದು ಹೌದು, ಟೆಸ್ಟ್ ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಅವಳ ಕ್ಲಾಸಿಗೆ ಇನ್ನೊಂದು ದಿಕ್ಕಿನಿಂದ ಬರುವ ಮಕ್ಕಳ ಮೂಗು ಯಾರೂ ಮುಟ್ಟಲಿಲ್ಲ.

ಲಸಿಕೆಯ ಜಗಳಕ್ಕೆ ನಾನು ಜಾಸ್ತಿ ಹೋಗುವುದಿಲ್ಲ. ನಾನು ಹಾಕಿಸಿಕೊಂಡೆ, ಅಮ್ಮನಿಗೂ ಹಾಕಿಸಿದೆ, ಎಲ್ಲರೂ ಹಾಕಿಸಿಕೊಳ್ಳುವುದು ಒಳ್ಳೆಯದು ಅಂತಲೇ ಹೇಳುತ್ತೇನೆ. ಒತ್ತಾಯ ಮಾಡಬಹುದಾ ಅನ್ನುವುದಕ್ಕೆ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಉತ್ತರ ಕೊಟ್ಟಾಗಿದೆ. ಯಾರ ಮೈಗೂ ಬಲವಂತವಾಗಿ ಸೂಜಿ ಚುಚ್ಚುವಂತಿಲ್ಲ, ಆದರೆ ಜನರ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹಾಕಬಹುದು, ಅದು ಅಪಾಯಕ್ಕೆ ತಕ್ಕಷ್ಟೇ ಇರಬೇಕು ಅಂತ. ನಿಮ್ಮ ಪುಟದಲ್ಲಿ ಜಗಳವಾಡುವ ಇಬ್ಬರೂ ಆ ತೀರ್ಪಿನ ಅರ್ಧರ್ಧ ಹಿಡಿದುಕೊಂಡಿದ್ದಾರೆ.

ತಕ್ಕಷ್ಟು ಅಂದರೆ ಎಷ್ಟು, ಅಳೆಯುವವರು ಯಾರು? ಅಲ್ಲಿ ನಮ್ಮ ಕಾನೂನು ಕೈಕೊಡುತ್ತದೆ. ಆಗ ಮೊದಲು ಹೊರತೆಗೆದದ್ದು ಬ್ರಿಟಿಷರ ಕಾಲದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಮುಂಬೈ ಪ್ಲೇಗಿನ ಗಡಿಬಿಡಿಯಲ್ಲಿ ಮಾಡಿದ್ದು, ಮೂಲದಲ್ಲಿ ಇದ್ದದ್ದು ನಾಲ್ಕೇ ಸೆಕ್ಷನ್. ಮೊದಲನೆಯದು ಕಾಯಿದೆಯ ಹೆಸರು. ಎರಡನೆಯದು, ಸರ್ಕಾರ ಬೇಕಾದ ಕ್ರಮ ಕೈಗೊಳ್ಳಬಹುದು. ಮೂರನೆಯದು, ಮೀರಿದವರಿಗೆ ಶಿಕ್ಷೆ. ನಾಲ್ಕನೆಯದು, ಒಳ್ಳೆಯ ಉದ್ದೇಶದಿಂದ ಮಾಡಿದ ಅಧಿಕಾರಿಯ ಮೇಲೆ ಕೇಸ್ ಹಾಕುವಂತಿಲ್ಲ. ಮುಗಿಯಿತು. ಜನ ಯಾರಲ್ಲಿ ಕೇಳಬೇಕು ಅನ್ನುವ ಐದನೇ ಸೆಕ್ಷನ್ ಬರೆಯಲು ಬಿಳಿಯರಿಗೆ ಕಾರಣವೇ ಇರಲಿಲ್ಲ. 2020ರಲ್ಲಿ ಕರ್ನಾಟಕ ತನ್ನದೇ ಕಾಯಿದೆ ಮಾಡಿತು, ಕೇರಳವೂ ಅದೇ ವರ್ಷ ಸುಗ್ರೀವಾಜ್ಞೆ ತಂದು ಆಮೇಲೆ ಕಾಯಿದೆ ಮಾಡಿತು. ಶಿಕ್ಷೆ, ದಂಡ ಜಾಸ್ತಿ ಆಯಿತು. ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರ ಮೇಲೆ ಕೈಮಾಡುವವರಿಗೆ ಕಠಿಣ ಶಿಕ್ಷೆ ಅಂತ ದೇಶದ ಕಾಯಿದೆಗೂ ತಿದ್ದುಪಡಿ ಬಂತು, ಅದು ಬೇಕೇ ಇತ್ತು.

ಒಳರಸ್ತೆಯ ಆ ಮಣ್ಣಿನ ರಾಶಿಯನ್ನು ಯಾವತ್ತು ತೆಗೆದರು ಅಂತ ನನಗೆ ಸರಿಯಾಗಿ ನೆನಪಿಲ್ಲ. ಜೂನ್ ಮಳೆಗೆ ಅರ್ಧ ಕರಗಿತ್ತು, ಮೇಲೆ ಕೆಸು ಹುಟ್ಟಿತ್ತು. ಮಕ್ಕಳು ಹತ್ತಿ ಇಳಿದು ನಡುವೆ ಒಂದು ಕಾಲುದಾರಿ ಆಗಿತ್ತು. ಒಂದು ದಿನ ಜೆಸಿಬಿ ಬಂದು ಬದಿಗೆ ತಳ್ಳಿ ಹೋಯಿತು. ಹಾಕುವಾಗ ಹೇಳಿರಲಿಲ್ಲ, ತೆಗೆಯುವಾಗಲೂ ಹೇಳಲಿಲ್ಲ.

ಇನ್ನೊಮ್ಮೆ ಇಂಥದ್ದು ಬರುವುದಿಲ್ಲ ಅಂತ ಯಾರೂ ಹೇಳುತ್ತಿಲ್ಲ. ಬಂದರೆ ಗಡಿಯಲ್ಲಿ ತಡೆಯಿರಿ, ನಾನೇ ಬಂದು ಸರತಿಯಲ್ಲಿ ನಿಲ್ಲುತ್ತೇನೆ. ನನಗೆ ಬೇಕಾದದ್ದು ಒಂದೇ ಮಾಹಿತಿ, ಎರಡೂ ರಾಜ್ಯದ ಅಧಿಕಾರಿಗಳು ಈ ಪತ್ರಿಕೆ ಓದುತ್ತಾರೆ ಅಂತ ಕೇಳಿದ್ದೇನೆ. ರಾತ್ರಿ ಎರಡು ಗಂಟೆಗೆ ಮಂಜೇಶ್ವರದ ಒಂದು ಮನೆಯಲ್ಲಿ ಒಬ್ಬರಿಗೆ ಎದೆನೋವು ಬರುತ್ತದೆ, ಆಸ್ಪತ್ರೆ ಆ ಕಡೆ ಇದೆ, ರಸ್ತೆ ಮುಚ್ಚಿದೆ. ಯಾವ ರಾಜ್ಯದ, ಯಾವ ಕಚೇರಿಗೆ ಫೋನ್ ಮಾಡಬೇಕು? ನಂಬರ್ ಗೊತ್ತಿರುವವರು ದಯವಿಟ್ಟು ಇದೇ ಪುಟದಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಅಮ್ಮನಿಗೆ ಓದಿ ಗೋಡೆಗೆ ಅಂಟಿಸಲಿಕ್ಕಿದೆ.

ಇಂತಿ,
ಮಂಜೇಶ್ವರ ತಾಲ್ಲೂಕಿನ ಒಬ್ಬ ಓದುಗ